ಎನ್‌ಎಚ್‌ಎಸ್ ವಾರ್ಡಿನಲ್ಲಿ ಮೊದಲ ವರ್ಷ: ನಮ್ಮ ಕಡೆಯ ನರ್ಸ್‌ಗಳಿಗೆ ಒಂದಷ್ಟು ಮಾತು

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ನರ್ಸ್ ಆಗಿ ಹೇಗೆ ಬರುವುದು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಐಇಎಲ್‌ಟಿಎಸ್ ಅಥವಾ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ, ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆ, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಿಂದ ವೆರಿಫಿಕೇಶನ್, ವೀಸಾ, ಇದೆಲ್ಲ ಏಜೆನ್ಸಿಯವರೇ ಹೇಳುತ್ತಾರೆ. ಬಂದ ಮೇಲೆ ಯೂನಿಫಾರಂ ಹಾಕಿಕೊಂಡು ವಾರ್ಡಿನಲ್ಲಿ ನಿಂತಾಗ ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ಕೇರಳದವರಿಗೆ ಈ ಕಷ್ಟ ಅಷ್ಟಿಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ಅವರ ಕಡೆಯ ಸೀನಿಯರ್ ಒಬ್ಬರು ಇದ್ದೇ ಇರುತ್ತಾರೆ, ಕೈ ಹಿಡಿದು ತೋರಿಸುತ್ತಾರೆ. ನಾವು ಕನ್ನಡದವರು ಇಲ್ಲಿ ಕಡಿಮೆ. ಬೆಂಗಳೂರಲ್ಲೋ ಮಂಗಳೂರಲ್ಲೋ ಓದಿದ ಮಲಯಾಳಿ ಸೀನಿಯರ್ ಸಿಕ್ಕಿ ಅವರು ಎರಡು ಮಾತು ಕನ್ನಡ ಆಡಿದರೆ ಅದೇ ದೊಡ್ಡ ಸಮಾಧಾನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇನ್ನೂ ಊರಲ್ಲೇ ಇರುವವರಿಗೆ ಮೊದಲು ಒಂದು ಮಾತು. ಕೆಲಸ ಕೊಡಿಸುವುದಕ್ಕೆ ಅಂತ ಏಜೆನ್ಸಿ ನಿಮ್ಮ ಹತ್ತಿರ ಫೀಸು ತೆಗೆದುಕೊಳ್ಳುವುದು ಬ್ರಿಟನ್ನಿನ ಕಾನೂನಿನಲ್ಲಿ ತಪ್ಪು. ನಿಯಮ ಪಾಲಿಸುವ ಏಜೆನ್ಸಿಗಳ ಪಟ್ಟಿ ಎನ್‌ಎಚ್‌ಎಸ್ ಎಂಪ್ಲಾಯರ್ಸ್ ವೆಬ್‌ಸೈಟಿನಲ್ಲಿದೆ, ಅದರಲ್ಲಿ ಹೆಸರಿದೆಯಾ ನೋಡಿ. ಆಫರ್ ಲೆಟರ್ ಬಂದರೆ ಸಂಬಳ ನೋಡುವ ಮೊದಲು, ಮಧ್ಯದಲ್ಲಿ ಕೆಲಸ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಕಟ್ಟಬೇಕು ಅನ್ನುವ ಭಾಗ ಓದಿ. ಸರ್ಕಾರದ ನೇಮಕಾತಿ ನಿಯಮದ ಪ್ರಕಾರ ಆ ಮೊತ್ತ ನ್ಯಾಯವಾಗಿರಬೇಕು, ನೀವು ಕೆಲಸ ಮಾಡುತ್ತಾ ಹೋದಂತೆ ಕಡಿಮೆಯಾಗುತ್ತಾ ಬರಬೇಕು. ಹಾಗಿಲ್ಲದಿದ್ದರೆ ಸಹಿ ಹಾಕುವ ಮೊದಲೇ ಕೇಳಿ.

ಇಲ್ಲಿಗೆ ಬಂದ ಮೇಲೆ ಆಸ್ಕಿ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ವೀಸಾಕ್ಕೆ ಅಂತ ಆಸ್ಪತ್ರೆ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನಲ್ಲಿ ಬರೆದ ಕೆಲಸದ ಮೊದಲ ದಿನದಿಂದ 12 ವಾರದೊಳಗೆ ಮೊದಲ ಸಲ ಪರೀಕ್ಷೆಗೆ ಕೂರಬೇಕು. ಒಟ್ಟು 10 ಸ್ಟೇಷನ್. ಒಬ್ಬನೇ ರೋಗಿಯನ್ನು ಹಿಡಿದುಕೊಂಡು ಅಸೆಸ್‌ಮೆಂಟಿನಿಂದ ಇವಾಲ್ಯುಯೇಶನ್‌ವರೆಗೆ 4, ಕೈಕೆಲಸದ ಸ್ಕಿಲ್ಸ್ 4, ಮಾತಾಡದೆ ಕೂತು ಬರೆಯುವುದು 2. ನಮ್ಮವರು ಕೆಲಸ ಬಾರದೆ ಫೇಲಾಗಿದ್ದನ್ನು ನಾನು ನೋಡಿಲ್ಲ. ಮಾಡಿದ್ದನ್ನು ಬಾಯಿಬಿಟ್ಟು ಹೇಳದೆ ಫೇಲಾಗಿದ್ದನ್ನು ನೋಡಿದ್ದೇನೆ. ಕೈ ತೊಳೆದಿದ್ದೇನೆ, ಕೈಪಟ್ಟಿಯಲ್ಲಿರುವ ಹೆಸರು ಮತ್ತು ಹುಟ್ಟಿದ ದಿನಾಂಕ ನೋಡುತ್ತಿದ್ದೇನೆ, ನಿಮಗೆ ಯಾವುದಾದರೂ ಔಷಧಿಗೆ ಅಲರ್ಜಿ ಇದೆಯಾ, ಇದೆಲ್ಲ ಪರೀಕ್ಷಕರ ಕಿವಿಗೆ ಬೀಳಬೇಕು. ಮನೆಯಲ್ಲಿ ದಿಂಬನ್ನೇ ರೋಗಿ ಅಂದುಕೊಂಡು ಜೋರಾಗಿ ಮಾತಾಡಿ ಅಭ್ಯಾಸ ಮಾಡಿ.

ಆಸ್ಕಿ ಪಾಸಾಗಿ ಎನ್‌ಎಂಸಿಯಿಂದ (ಇಲ್ಲಿನ ನರ್ಸಿಂಗ್ ಕೌನ್ಸಿಲ್) ಪಿನ್, ಅಂದರೆ ನೋಂದಣಿ ಸಂಖ್ಯೆ ಬಂತು, ಸಂಬಳದ ದರ್ಜೆಯಲ್ಲಿ ಬ್ಯಾಂಡ್ 3 ಅಥವಾ 4ರಿಂದ ಬ್ಯಾಂಡ್ 5ಕ್ಕೆ ಬಂದಿರಿ ಅನ್ನಿ. ಎಲ್ಲರೂ ಕೇಕ್ ಕತ್ತರಿಸಿ ಸ್ಟೇಟಸ್ ಹಾಕುತ್ತಾರೆ, ಹಾಕಲೇಬೇಕು, ಅಷ್ಟು ಕಷ್ಟ ಪಟ್ಟಿರುತ್ತೀರಿ. ಆದರೆ ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದಲೇ. ನಮ್ಮೂರ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದನ್ನು ತಪ್ಪಿಲ್ಲದೆ ಬೇಗ ಮಾಡಿ ಮುಗಿಸುವವರು ಒಳ್ಳೆಯ ನರ್ಸ್. ಇಲ್ಲಿ ಹಾಗೆ ನಡೆಯುವುದಿಲ್ಲ. ನೀವು ಮಾಡಿದ್ದಕ್ಕೂ ಮಾಡದೆ ಬಿಟ್ಟಿದ್ದಕ್ಕೂ ನೀವೇ ಉತ್ತರ ಕೊಡಬೇಕು, ‘ಡಾಕ್ಟರ್ ಹೇಳಿದರು’ ಅಂದರೆ ಅಲ್ಲಿಗೆ ಮುಗಿಯುವುದಿಲ್ಲ. ಆದ್ದರಿಂದ ಇಲ್ಲಿ ನಿಮ್ಮನ್ನು ಕಾಪಾಡುವುದು ಮೂರೇ ಕೆಲಸ: ಕೇಳುವುದು, ಹೇಳುವುದು, ಬರೆಯುವುದು.

ಮೊದಲು ಕೇಳುವುದು. ಊರಲ್ಲಿ ಐಸಿಯುನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಕಣ್ಣು ಮುಚ್ಚಿ ಕ್ಯಾನುಲಾ ಹಾಕುವವರೂ ಇಲ್ಲಿ ಟ್ರಸ್ಟಿನ (ಆಸ್ಪತ್ರೆ ನಡೆಸುವ ಎನ್‌ಎಚ್‌ಎಸ್ ಸಂಸ್ಥೆ) ಟ್ರೈನಿಂಗ್ ಮುಗಿಸಿ ಸೈನ್ ಆಫ್ ಆಗುವವರೆಗೆ, ಅಂದರೆ ‘ಇವರಿಗೆ ಬರುತ್ತದೆ’ ಅಂತ ಸಹಿ ಬೀಳುವವರೆಗೆ, ಕ್ಯಾನುಲಾ ಹಾಕುವ ಹಾಗಿಲ್ಲ, ಐವಿ ಔಷಧಿ ಕೊಡುವ ಹಾಗಿಲ್ಲ. ಅವಮಾನ ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ವಾರ್ಡ್ ಬಿಜಿ ಇದ್ದಾಗ ಯಾರೋ ಬಂದು ‘ನಿನಗೆ ಬರುತ್ತದಲ್ವಾ, ಒಂದು ಕ್ಯಾನುಲಾ ಹಾಕಿಬಿಡು’ ಅಂದರೆ, ‘ನಾನು ಇನ್ನೂ ಸೈನ್ ಆಫ್ ಆಗಿಲ್ಲ’ ಅಂತ ನಗುತ್ತಲೇ ಹೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರೆ ದಡ್ಡರು ಅಂದುಕೊಳ್ಳುತ್ತಾರೆ ಅನ್ನುವ ಭಯ ನಮ್ಮ ಕಾಲೇಜುಗಳಲ್ಲೇ ನಮ್ಮೊಳಗೆ ಕೂತಿರುತ್ತದೆ. ಇಲ್ಲಿ ಕೇಳದೆ ಮಾಡುವವರನ್ನು ಕಂಡರೇ ವಾರ್ಡಿಗೆ ಭಯ. ಪಿನ್ ಬಂದ ಮೇಲೆ 6 ರಿಂದ 12 ತಿಂಗಳು ಪ್ರಿಸೆಪ್ಟರ್‌ಶಿಪ್ ಅಂತ ಇರುತ್ತದೆ, ಒಬ್ಬ ಅನುಭವಿ ನರ್ಸ್ ನಿಮಗೆ ಜೊತೆಯಾಗಿರುತ್ತಾರೆ. ಅವರಾಗಿಯೇ ಬಂದು ವಿಚಾರಿಸಲಿ ಅಂತ ಕಾಯಬೇಡಿ. ರೋಸ್ಟರ್ ನೋಡಿ ನೀವೇ ಟೈಮ್ ಕೇಳಿ.

ಇನ್ನು ಹೇಳುವುದು. ಇಲ್ಲಿ ದೊಡ್ಡವರ ವಾರ್ಡುಗಳಲ್ಲಿ ಹೆಚ್ಚಾಗಿ, ರೋಗಿ ಹದಗೆಡುತ್ತಿದ್ದಾರಾ ಅಂತ ತೋರಿಸುವ ನ್ಯೂಸ್ 2 ಅನ್ನುವ ಸ್ಕೋರ್ ಇದೆ. ಉಸಿರಾಟ, ಆಕ್ಸಿಜನ್ ಮಟ್ಟ, ರೋಗಿ ಆಕ್ಸಿಜನ್ ಮೇಲಿದ್ದಾರಾ, ಬಿಪಿ, ಪಲ್ಸ್, ಎಚ್ಚರ, ಜ್ವರ, ಇವಿಷ್ಟಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ಒಟ್ಟು 5 ಮುಟ್ಟಿದರೆ ಡಾಕ್ಟರ್ ಬೇಗ ಬಂದು ನೋಡಬೇಕು, 7 ಅಥವಾ ಜಾಸ್ತಿ ಆದರೆ ಎಮರ್ಜೆನ್ಸಿ. ಒಂದೇ ಒಂದು ಅಂಶದಲ್ಲಿ 3 ಬಂದರೂ ಸುಮ್ನೆ ಬಿಡುವ ಹಾಗಿಲ್ಲ. ಅಬ್ಸರ್ವೇಶನ್ ತೆಗೆಯುವುದು ಹೆಚ್ಚಾಗಿ ಹೆಲ್ತ್‌ಕೇರ್ ಅಸಿಸ್ಟೆಂಟ್, ಆದರೆ ಆ ಅಂಕ ನೋಡಿ ಮುಂದಿನ ಹೆಜ್ಜೆ ಇಡಬೇಕಾದ್ದು ನೀವು. ಒಂದು ಸಲ ಬ್ಲೀಪ್ ಮಾಡಿ (ಪೇಜರ್‌ಗೆ ಕರೆ ಕಳಿಸಿ) ಡಾಕ್ಟರ್ ಬರದಿದ್ದರೆ ‘ಹೇಳಿದ್ದೆನಲ್ಲ’ ಅಂತ ಕೂರಬೇಡಿ. ಮತ್ತೆ ಬ್ಲೀಪ್ ಮಾಡಿ, ನರ್ಸ್ ಇನ್ ಚಾರ್ಜ್‌ಗೆ ತಿಳಿಸಿ, ಅದೂ ಆಗಲಿಲ್ಲವೆಂದರೆ ಮೇಲಿನ ಡಾಕ್ಟರ್ ಆದ ರಿಜಿಸ್ಟ್ರಾರ್‌ಗೆ ಅಥವಾ ಹದಗೆಟ್ಟ ರೋಗಿಗಳನ್ನು ಬಂದು ನೋಡುವ ಔಟ್‌ರೀಚ್ ಟೀಮಿಗೆ. ಹೃದಯ ನಿಂತರೆ 2222ಕ್ಕೆ ಫೋನ್. ರೋಗಿ ಹದಗೆಡುತ್ತಿದ್ದಾರೆ ಅಂತ ನಿಮ್ಮ ಮನಸ್ಸು ಹೇಳಿದರೆ, ಸ್ಕೋರ್ ಕಡಿಮೆ ಇದ್ದರೂ ಕರೆಯಬಹುದು. ಸುಮ್ನೆ ಕರೆದೆ ಅಂತ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಡಾಕ್ಟರ್‌ಗಳನ್ನು ಇಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ‘ಸರ್’ ‘ಮೇಡಂ’ ಅನ್ನುವುದು ನಾಲಿಗೆಯಿಂದ ಬೇಗ ಹೋಗುವುದಿಲ್ಲ, ಪರವಾಗಿಲ್ಲ, ಆದರೆ ಅದರ ಹಿಂದಿನ ಹೆದರಿಕೆ ಹೋಗಬೇಕು. ಒಂದು ಉದಾಹರಣೆ ಹೇಳುತ್ತೇನೆ. 50 ಕೆಜಿಗಿಂತ ಕಡಿಮೆ ತೂಕದ ಅಜ್ಜಿಗೆ 1 ಗ್ರಾಂ ಪ್ಯಾರಾಸಿಟಮಾಲ್ ದಿನಕ್ಕೆ 4 ಸಲ ಬರೆದಿದ್ದಾರೆ. ಮಾಮೂಲಿ ಡೋಸ್, ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟು ಕಡಿಮೆ ತೂಕಕ್ಕೆ ಡೋಸ್ ಇಳಿಸಬೇಕಾ ಅಂತ ಕೇಳಬೇಕಾದ್ದು, ಮಾತ್ರೆ ಕೈಯಲ್ಲಿ ಹಿಡಿದಿರುವ ನೀವು. ‘ಈ ಡೋಸ್ ಕೊಡಲು ನನಗೆ ಧೈರ್ಯ ಸಾಲುತ್ತಿಲ್ಲ, ಒಮ್ಮೆ ನೋಡುತ್ತೀರಾ’ ಅಂದರೆ ಸಾಕು. ಹೆಚ್ಚಿನ ಡಾಕ್ಟರ್‌ಗಳು ಥ್ಯಾಂಕ್ಸ್ ಹೇಳುತ್ತಾರೆ. ವಾರ್ಡ್ ಫಾರ್ಮಸಿಸ್ಟ್ ಇದ್ದರೆ ಇನ್ನೂ ಒಳ್ಳೆಯದು, ಅವರಿಗೆ ಇಂಥ ಪ್ರಶ್ನೆ ಬಂದರೆ ಖುಷಿ.

ಬರೆಯುವುದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಮಾಡಿದ್ದನ್ನು ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ಎಷ್ಟು ಗಂಟೆಗೆ ಯಾರಿಗೆ ಬ್ಲೀಪ್ ಮಾಡಿದಿರಿ, ಅವರು ಏನಂದರು, ಅದನ್ನೂ ಬರೆಯಿರಿ. ಏನಾದರೂ ಎಡವಟ್ಟಾದರೆ, ರೋಗಿ ಬಿದ್ದರೆ, ಔಷಧಿ ತಪ್ಪಿದರೆ, ಕಂಪ್ಯೂಟರ್‌ನಲ್ಲಿ ಇನ್ಸಿಡೆಂಟ್ ರಿಪೋರ್ಟ್ ಹಾಕುತ್ತಾರೆ. ಎಷ್ಟೋ ಕಡೆ ಇದಕ್ಕೆ ಡೇಟಿಕ್ಸ್ ಅಂತಲೇ ಹೆಸರು. ನಮ್ಮವರಿಗೆ ಇದು ದೂರು ಕೊಟ್ಟ ಹಾಗೆ ಅನಿಸಿ ಹಾಕುವುದೇ ಇಲ್ಲ. ಹಾಗಲ್ಲ, ಹಾಕಿ. ಸ್ಟಾಫ್ ಕಡಿಮೆ ಇದ್ದ ದಿನವೂ ಹಾಕಿ.

ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದು ರೋಗಿಯ ಆರೈಕೆಯಲ್ಲಿ. ಊರಲ್ಲಿ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು ಹೆಚ್ಚಾಗಿ ಮನೆಯವರು ಅಥವಾ ಆಯಾ. ಇಲ್ಲಿ ಮನೆಯವರು ವಿಸಿಟಿಂಗ್ ಟೈಮಿಗೆ ಬಂದು ಹೋಗುತ್ತಾರೆ, ಉಳಿದದ್ದೆಲ್ಲ ನಾವು ಮತ್ತು ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳು. ಅವರನ್ನು ಕೆಲಸದಾಳಿನಂತೆ ನೋಡಿದರೆ ವಾರ್ಡಿನಲ್ಲಿ ನಿಮಗೆ ಉಳಿಗಾಲವಿಲ್ಲ. ಅವರ ಜೊತೆ ನೀವೂ ಕೈ ಹಾಕಿ, ಆಮೇಲೆ ನೋಡಿ ನಿಮ್ಮ ಬೆನ್ನಿಗೆ ಹೇಗೆ ನಿಲ್ಲುತ್ತಾರೆ ಅಂತ. ಇನ್ನೊಂದು, ಪ್ರತಿಯೊಂದಕ್ಕೂ ರೋಗಿಯನ್ನು ಕೇಳಬೇಕು. ಪರದೆ ಎಳೆಯಲಾ, ಬಿಪಿ ನೋಡಲಾ, ನಿಮ್ಮನ್ನು ಏನಂತ ಕರೆಯಲಿ. ಬುದ್ಧಿ ಸರಿಯಿರುವ ರೋಗಿ ಮಾತ್ರೆ ಬೇಡ ಅಂದರೆ ಯಾಕೆ ಬೇಕು ಅಂತ ವಿವರಿಸಬಹುದು, ಒತ್ತಾಯ ಮಾಡುವಂತಿಲ್ಲ. 85 ವರ್ಷದ ತಾತ ತಾವೇ ಶರ್ಟ್ ಹಾಕಿಕೊಳ್ಳಲು ಒದ್ದಾಡುತ್ತಿದ್ದರೆ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಮನೆಗೆ ಹೋದ ಮೇಲೆ ಅವರು ಒಬ್ಬರೇ ಇರಬೇಕು, ಇಲ್ಲಿ ಆ ಅಭ್ಯಾಸ ತಪ್ಪಿದರೆ ಅಲ್ಲಿ ಬದುಕುವುದು ಕಷ್ಟ.

ಇಂಗ್ಲಿಷ್ ಬಗ್ಗೆ ಹೆದರಿಕೆ ಎಲ್ಲರಿಗೂ ಇರುತ್ತದೆ. ಪರೀಕ್ಷೆಯ ಇಂಗ್ಲಿಷೇ ಬೇರೆ, ವಾರ್ಡಿನ ಇಂಗ್ಲಿಷೇ ಬೇರೆ. ಅದರಲ್ಲೂ ಫೋನ್ ಕಷ್ಟ, ಮುಖ ಕಾಣುವುದಿಲ್ಲ. ಲ್ಯಾಬಿನಿಂದ ಪೊಟ್ಯಾಸಿಯಂ ರಿಪೋರ್ಟ್ ಹೇಳಿದರೆ ಕಾಗದದ ಮೇಲೆ ಬರೆದುಕೊಂಡು, ಹೆಸರು, ಹಾಸ್ಪಿಟಲ್ ನಂಬರ್, ಅಂಕಿ ಮೂರನ್ನೂ ವಾಪಸ್ ಓದಿ ಹೇಳಿ. ನೀವು ಡಾಕ್ಟರ್‌ಗೆ ಫೋನ್ ಮಾಡುವಾಗ ಎಸ್‌ಬಾರ್ ಕ್ರಮ ಹಿಡಿಯಿರಿ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತದೆ, ನಿಮ್ಮಿಂದ ಏನು ಬೇಕು. ಕೊನೆಯದನ್ನು ನಮ್ಮವರು ಸಂಕೋಚಕ್ಕೆ ಬಿಟ್ಟುಬಿಡುತ್ತಾರೆ. ‘ನೀವು ಹತ್ತು ನಿಮಿಷದಲ್ಲಿ ಬಂದು ನೋಡಬೇಕು’ ಅಂತ ನೇರವಾಗಿ ಹೇಳಿ. ರೋಗಿಯ ಮುಂದೆ ಮಾತ್ರ ಕನ್ನಡದಲ್ಲಾಗಲಿ ಹಿಂದಿಯಲ್ಲಾಗಲಿ ಮಾತಾಡಬೇಡಿ, ತನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾರೆ ಅಂತ ಮಲಗಿದವರಿಗೆ ಕಳವಳ ಆಗುತ್ತದೆ.

ಬಣ್ಣ ನೋಡಿ ಬಯ್ಯುವ ರೋಗಿಗಳು ಸಿಗುತ್ತಾರೆ. ಹೆಚ್ಚು ಜನ ಹಾಗಿಲ್ಲ, ಆದರೆ ಸಿಗುತ್ತಾರೆ. ನುಂಗಿಕೊಂಡು ಟಾಯ್ಲೆಟ್‌ಗೆ ಹೋಗಿ ಅಳುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ತಕ್ಷಣ ನರ್ಸ್ ಇನ್ ಚಾರ್ಜ್‌ಗೆ ಹೇಳಿ, ರಿಪೋರ್ಟ್ ಹಾಕಿ. ಜೀವಕ್ಕೆ ಅಪಾಯವಿಲ್ಲದ ರೋಗಿ ಜನಾಂಗೀಯವಾಗಿ ನಿಂದಿಸಿದರೆ ಚಿಕಿತ್ಸೆ ನಿರಾಕರಿಸುವ ಅವಕಾಶ 2020ರಿಂದ ಎನ್‌ಎಚ್‌ಎಸ್‌ನಲ್ಲಿದೆ. ಕಿರುಕುಳ ಜೊತೆಯವರಿಂದಲೋ ಮ್ಯಾನೇಜರ್‌ನಿಂದಲೋ ಬರುತ್ತಿದ್ದರೆ ಪ್ರತಿ ಟ್ರಸ್ಟಿನಲ್ಲೂ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಇರುತ್ತಾರೆ, ಅವರ ಹತ್ತಿರ ಗುಟ್ಟಾಗಿ ಮಾತಾಡಬಹುದು. ಮತ್ತೆ ಯೂನಿಯನ್, ಆರ್‌ಸಿಎನ್ ಅಥವಾ ಯೂನಿಸನ್, ಯಾವುದಾದರೂ ಒಂದಕ್ಕೆ ಮೊದಲ ತಿಂಗಳೇ ಸೇರಿ. ತಿಂಗಳಿಗೆ ಅಷ್ಟು ದುಡ್ಡು ಯಾಕೆ ದಂಡ ಅಂತ ಬಿಡುತ್ತಾರೆ. ತೊಂದರೆ ಬಂದ ಮೇಲೆ ಸೇರಿದರೆ ಹಳೆಯ ತೊಂದರೆಗೆ ಅವರು ನಿಲ್ಲುವುದು ಕಷ್ಟ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಬ್ಯಾಂಡ್ 5ಕ್ಕೆ ರಾತ್ರಿ ಮತ್ತು ಶನಿವಾರ ಶೇ. 30, ಭಾನುವಾರ ಮತ್ತು ಸಾರ್ವಜನಿಕ ರಜಾದಿನ ಶೇ. 60 ಜಾಸ್ತಿ. ಪೇ ಸ್ಲಿಪ್ ಬಂದಾಗ ಇದನ್ನು ರೋಸ್ಟರ್ ಜೊತೆ ತಾಳೆ ನೋಡಿ, ಟ್ಯಾಕ್ಸ್ ಕೋಡ್ ಕೂಡ ನೋಡಿ. ಊರಿಗೆ ಜಾಸ್ತಿ ಕಳಿಸಬೇಕು ಅಂತ ಪೆನ್ಷನ್‌ನಿಂದ ಹೊರಗೆ ಬರುವವರಿದ್ದಾರೆ. ದಯವಿಟ್ಟು ಅವಸರ ಪಡಬೇಡಿ, ಅದರಲ್ಲಿ ಆಸ್ಪತ್ರೆಯ ಪಾಲೂ ದೊಡ್ಡದು, ಕೆಲಸದಲ್ಲಿರುವಾಗ ಜೀವಕ್ಕೇನಾದರೂ ಆದರೆ ಮನೆಯವರಿಗೆ ಸಿಗುವ ದುಡ್ಡೂ ಅದರಲ್ಲೇ ಇದೆ. ರಜೆ ಮೊದಲ ವರ್ಷದಿಂದಲೇ 27 ದಿನ, ಅದರ ಮೇಲೆ 8 ಸಾರ್ವಜನಿಕ ರಜೆ. ದಸರಾಕ್ಕೋ ತಂಗಿಯ ಮದುವೆಗೋ ಹೋಗಬೇಕಿದ್ದರೆ ತಿಂಗಳುಗಟ್ಟಲೆ ಮೊದಲೇ ಕೇಳಿ, ಒಪ್ಪಿಗೆ ಸಿಗದೆ ಟಿಕೆಟ್ ಮಾಡಬೇಡಿ. ಸಂಬಳವಿಲ್ಲದ ರಜೆ ಹಾಕಿ ಊರಲ್ಲಿ ಜಾಸ್ತಿ ದಿನ ಇರುವ ಯೋಚನೆ ಇದ್ದರೆ ಎಚ್ಚರ. ಹೆರಿಗೆ, ಕಾಯಿಲೆಯಂಥ ಕಾರಣ ಬಿಟ್ಟರೆ ವರ್ಷದಲ್ಲಿ ಒಟ್ಟು 4 ವಾರ ದಾಟಿದರೆ ನಿಮ್ಮ ಸ್ಪಾನ್ಸರ್‌ಶಿಪ್‌ಗೇ ಕುತ್ತು. ಹುಷಾರಿಲ್ಲದಿದ್ದರೆ 7 ದಿನದವರೆಗೆ ಡಾಕ್ಟರ್ ಸರ್ಟಿಫಿಕೇಟ್ ಬೇಡ. ವಾಂತಿ ಭೇದಿ ಆದರೆ ನಿಂತ ಮೇಲೂ 48 ಗಂಟೆ ಬರಬೇಡಿ. ನಮ್ಮಲ್ಲಿ ಹುಷಾರಿಲ್ಲದಿದ್ದರೂ ಡ್ಯೂಟಿಗೆ ಬಂದವರನ್ನು ಹೊಗಳುತ್ತಾರೆ, ಇಲ್ಲಿ ಅಂಥವರಿಂದ ಇಡೀ ವಾರ್ಡ್ ಮುಚ್ಚಬೇಕಾಗುತ್ತದೆ.

ಎನ್‌ಎಂಸಿಗೆ 3 ವರ್ಷಕ್ಕೊಮ್ಮೆ ರಿವ್ಯಾಲಿಡೇಶನ್, ಅಂದರೆ ನೋಂದಣಿ ನವೀಕರಣ ಇದೆ. 450 ಗಂಟೆ ಕೆಲಸ, 35 ಗಂಟೆ ಕಲಿಕೆ, 5 ಫೀಡ್‌ಬ್ಯಾಕ್, 5 ರಿಫ್ಲೆಕ್ಷನ್ (ಕೆಲಸದಿಂದ ಏನು ಕಲಿತೆ ಅಂತ ಬರೆಯುವುದು). ಕೊನೆಯ ತಿಂಗಳಲ್ಲಿ ಒದ್ದಾಡುವ ಬದಲು ರೋಗಿ ಕೊಟ್ಟ ಥ್ಯಾಂಕ್ಯೂ ಕಾರ್ಡಿನ ಮಾತನ್ನೂ, ಮಾಡಿದ ಕೋರ್ಸನ್ನೂ ಆಗಾಗ ಒಂದು ಫೋಲ್ಡರಿಗೆ ಹಾಕುತ್ತಾ ಬನ್ನಿ. ರೋಗಿಯ ಹೆಸರು ಮಾತ್ರ ಹಾಕಬೇಡಿ.

ಅದೇ ಫೋಲ್ಡರ್ ಬ್ಯಾಂಡ್ 6ಕ್ಕೂ ಬೇಕು. ಸೀನಿಯಾರಿಟಿ ಆಯಿತು, ಪ್ರಮೋಷನ್ ಕೊಡುತ್ತಾರೆ ಅಂತ ಕಾಯುವವರು ಬ್ಯಾಂಡ್ 5ರಲ್ಲೇ ಹತ್ತು ವರ್ಷ ಇರುತ್ತಾರೆ, ಯಾರೂ ಕರೆದು ಕೊಡುವುದಿಲ್ಲ. ಜಾಹೀರಾತು ನೋಡಿ ನೀವೇ ಅರ್ಜಿ ಹಾಕಬೇಕು. ಪರ್ಸನ್ ಸ್ಪೆಸಿಫಿಕೇಶನ್‌ನಲ್ಲಿ (ಆ ಹುದ್ದೆಗೆ ಏನೇನು ಬೇಕು ಅನ್ನುವ ಪಟ್ಟಿ) ಕೇಳಿರುವ ಒಂದೊಂದಕ್ಕೂ ನೀವು ಮಾಡಿದ ಒಂದೊಂದು ಕೆಲಸ ಬರೆಯಿರಿ. ಇಂಟರ್‌ವ್ಯೂನಲ್ಲಿ ಎದುರು ಕೂತವರ ಕೈಯಲ್ಲಿ ಅಂಕದ ಹಾಳೆ ಇರುತ್ತದೆ, ನೀವು ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ ಅಂಕ. ‘ನಾವೆಲ್ಲ ಸೇರಿ ಮಾಡಿದೆವು’ ಅನ್ನುವುದು ನಮ್ಮ ಅಭ್ಯಾಸ. ಅಲ್ಲಿ ‘ನಾನು ಗಮನಿಸಿದೆ, ನಾನು ಡಾಕ್ಟರ್‌ಗೆ ಹೇಳಿದೆ, ನಾನು ಹೀಗೆ ಬದಲಾಯಿಸಿದೆ’ ಅಂತಲೇ ಹೇಳಿ. ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಫೋನ್ ಮಾಡಿ ಫೀಡ್‌ಬ್ಯಾಕ್ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಮುಂದಿನ ಜಾಹೀರಾತಿಗೆ ಮತ್ತೆ ಅರ್ಜಿ ಹಾಕಿ.