ಹಳೇ ಸೀರೆಯಿಂದ ಕೂಸಿನ ಕೌದಿ ಹೊಲಿಯುವುದು

ಕೂಸಿಗೆ ಕೊಟ್ಟ ಕೌದಿಯನ್ನು ಬಂದವರೆಲ್ಲ ಮುಟ್ಟಿ ನೋಡಿ ಹೊಗಳುವುದು ತೊಟ್ಟಿಲಿಗೆ ಹಾಕುವ ದಿನ ಮಾತ್ರ. ಮರುದಿನದಿಂದ ಅದರ ಜಾಗ ಬಚ್ಚಲಮನೆಯ ಬಕೆಟ್ಟು. ಕೂಸು ಉಚ್ಚೆ ಹೊಯ್ಯುತ್ತದೆ, ಹಾಲು ಕಕ್ಕುತ್ತದೆ, ಎಣ್ಣೆ ನೀರು ಹಾಕಿ ಮಲಗಿಸಿದರೆ ಎಣ್ಣೆಯೂ ಹತ್ತುತ್ತದೆ. ಅದಕ್ಕೇ ಕೌದಿ ಹೊಲಿಯುವಾಗ ನಾನು ನೋಡುವುದು ಎರಡೇ. ದಿನಾ ಒಗೆದರೆ ತಡೆಯುತ್ತಾ? ಸಂಜೆಯೊಳಗೆ ಒಣಗುತ್ತಾ? ಯಾವ ಬಟ್ಟೆ, ಎಷ್ಟು ಪದರ, ಎಷ್ಟು ಒತ್ತು ಹೊಲಿಗೆ, ಎಲ್ಲಾ ಇದರ ಮೇಲೇ ನಿಂತಿದೆ.

ನಮ್ಮ ಗದಗ, ಧಾರವಾಡ ಕಡೆ ದೊಡ್ಡವರ ಕೌದಿಗೆ ಆರೇಳು ಪದರ ಇದ್ದರೂ ನಡೆಯುತ್ತದೆ. ದಸರೆ ಮುಂದೆ ಹಳ್ಳಕ್ಕೆ ಒಯ್ದು ಬಡಿದು ತಂದರೆ ಆಯಿತು. ಕೂಸಿನ ಕೌದಿಗೆ ಅಷ್ಟು ದಪ್ಪ ಬೇಡ. ಕೆಳಗೊಂದು ಪದರ, ನಡುವೆ ಎರಡು, ಮೇಲೆ ತುಂಡುಗಳದ್ದೊಂದು. ಒಟ್ಟು ನಾಲ್ಕು. ಶಿರಸಿ, ತೀರ್ಥಹಳ್ಳಿ ಕಡೆಯ ಮಳೆಗಾಲದ ಕೂಸಾದರೆ ನಡುವೆ ಒಂದೇ ಸಾಕು. ಅಲ್ಲಿ ಮೂರು ಪದರ ಒಣಗುವುದೇ ಕಷ್ಟ.

ಅಂಗಡಿಯಿಂದ ಹೊಸ ಬಟ್ಟೆ ತಂದು ಕೌದಿ ಮಾಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಣ್ಣ ಬಿಡುತ್ತದೆ, ನೀರಿಗೆ ಬಿದ್ದ ಮೇಲೆ ಒಂದೊಂದು ತುಂಡು ಒಂದೊಂದು ಥರ ಕುಗ್ಗುತ್ತದೆ. ಹತ್ತು ವರ್ಷ ಉಟ್ಟ ಸೀರೆ ಕುಗ್ಗುವಷ್ಟು ಕುಗ್ಗಿ, ಮೆತ್ತಗಾಗಿ ಕೂತಿರುತ್ತದೆ.

ಬಟ್ಟೆ ಆರಿಸೋದೇ ಅರ್ಧ ಕೆಲಸ

ಹತ್ತಿ ಸೀರೆ, ಹಳೇ ಪಂಚೆ, ಅಪ್ಪಂದಿರ ಬಿಳಿ ಧೋತರ, ಮೆತ್ತಗಿನ ಹತ್ತಿ ಲಂಗ, ಇವು ಬೇಕು. ಪಾಲಿಸ್ಟರ್ ಬೇಡ. ನೀರು ಹೀರುವುದಿಲ್ಲ, ಬೆನ್ನಿಗೆ ಬೆವರು ಬರಿಸುತ್ತದೆ. ಈಗಿನ ಎಷ್ಟೋ ಸೀರೆ ನೋಡಲು ಹತ್ತಿ ಥರಾನೇ ಇರುತ್ತವೆ. ಅನುಮಾನ ಬಂದರೆ ಅಂಚಿನಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಮುಟ್ಟಿದರೆ ಪುಡಿ. ಪಾಲಿಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಗುಂಡು ಕಟ್ಟುತ್ತದೆ. ಎರಡೂ ಕಂಡರೆ ಮಿಶ್ರಣ, ಪಕ್ಕಕ್ಕಿಡಿ.

ಆಮೇಲೆ ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿಯಿರಿ. ಬೆಳಕು ಜಾಸ್ತಿ ತೂರಿ ಬರುವ ಕಡೆ ಬಟ್ಟೆ ಸವೆದಿದೆ ಅಂತ ಅರ್ಥ. ಸೀರೆ ಮೊದಲು ಸವೆಯುವುದು ಕೂರುವ ಜಾಗದಲ್ಲಿ ಮತ್ತು ಕಾಲಿಗೆ ತಾಗುವ ಕೆಳ ಅಂಚಿನಲ್ಲಿ. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಗಟ್ಟಿ ಭಾಗ ಕೆಳಗಿನ ಪದರಕ್ಕೂ ಮೇಲಿನ ತುಂಡುಗಳಿಗೂ ಇರಲಿ. ಸವೆದದ್ದನ್ನು ಒಳಗೆ ಹಾಕಿ. ಎರಡೂ ಕೈಯಲ್ಲಿ ಹಿಡಿದು ಎಳೆದಾಗಲೇ ಪಿಸಿದು ಹೋಗುವ ಬಟ್ಟೆ ಒಳಗೂ ಬೇಡ, ಎರಡು ತಿಂಗಳಲ್ಲಿ ಉಂಡೆ ಕಟ್ಟುತ್ತದೆ.

ಇಳಕಲ್ ಸೀರೆಯ ವಿಷಯಕ್ಕೆ ನಮ್ಮ ವೈನಿಗೂ ನನಗೂ ಯಾವಾಗಲೂ ಜಗಳ. ಹತ್ತಿ ಇಳಕಲ್ಲಿನ ಒಡಲು ಕೌದಿಗೆ ಹೇಳಿ ಮಾಡಿಸಿದ ಬಟ್ಟೆ. ಆದರೆ ಸೆರಗು ರೇಷ್ಮೆಯದು, ಇಲ್ಲಾ ಆರ್ಟ್ ಸಿಲ್ಕಿನದು. ಬಿಸಿನೀರಲ್ಲಿ ಒಗೆದಾಗ ಹತ್ತಿ ಒಂದು ಥರ ಕೂರುತ್ತದೆ, ಸೆರಗು ಇನ್ನೊಂದು ಥರ ಮುದುಡುತ್ತದೆ. "ಕೆಂಪ ಸೆರಗ ಇಲ್ಲದ ಇಳಕಲ್ಲ ಏನ್ ಚಂದ ರೀ ಅದು?" ಅಂತಾರೆ ವೈನಿ. ಅವರ ಸಮಾಧಾನಕ್ಕೆ ನಾಲ್ಕು ಮೂಲೆಗೆ ಸಣ್ಣ ತುಂಡು ಹಾಕುತ್ತೇನೆ, ನಡುವೆ ಮಾತ್ರ ಇಲ್ಲ. ಇನ್ನೊಂದು ಮಾತು. ಇಳಕಲ್ಲಿನ ಒಡಲು ಮತ್ತು ಸೆರಗಿನ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಆ ಗೆರೆಯ ಮೇಲೇ ಕತ್ತರಿ ಆಡಿಸಿದರೆ ಕುಣಿಕೆಗಳು ಬಿಚ್ಚಿಕೊಳ್ಳುತ್ತವೆ. ಒಂದೆರಡು ಇಂಚು ಬಿಟ್ಟೇ ಕತ್ತರಿಸಿ. ಗೋಮಿ ದಡಿಯೋ ಗಾಡಿ ದಡಿಯೋ, ಸೀರೆಯ ಆ ಅಂಚುಪಟ್ಟಿಯನ್ನು ಬೇರೆ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜರಿ, ಕನ್ನಡಿ, ಮಣಿ, ಗುಂಡಿ, ಹುಕ್ಕು ಯಾವುದೂ ಬೇಡ.

ನುಸಿಗುಳಿಗೆ ವಾಸನೆ ಬರುವ ಸೀರೆಯನ್ನು ಕೂಸಿನ ಕೌದಿಗೆ ಮುಟ್ಟಲೇಬೇಡಿ. ಟ್ರಂಕಿನಲ್ಲಿಟ್ಟ ಅಜ್ಜಿ ಸೀರೆಗಳಲ್ಲಿ ಇದು ಜಾಸ್ತಿ. ಆ ಗುಳಿಗೆಯಲ್ಲಿ ನ್ಯಾಫ್ತಲೀನ್ ಇರಬಹುದು. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳಿಗೆ ಅದು ತಾಗಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಯಾವ ಕೂಸಿಗೆ ಆ ಕೊರತೆ ಇದೆ ಅಂತ ನೋಡಿದರೆ ಗೊತ್ತಾಗುವುದಿಲ್ಲವಲ್ಲ. ಬೇರೆ ಸೀರೆ ಹುಡುಕಿ.

ಆರಿಸಿದ್ದನ್ನೆಲ್ಲ ಬಿಸಿನೀರಲ್ಲಿ ಸೋಪು ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ. ಕಡುಗೆಂಪು, ಕಪ್ಪು ಬಟ್ಟೆಗಳ ಮೂಲೆಯನ್ನು ಒದ್ದೆ ಮಾಡಿ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿ. ಇನ್ನೂ ಬಣ್ಣ ಹತ್ತಿದರೆ ಬಿಟ್ಟುಬಿಡಿ.

ಸೀರೆ ಕೇಳುವಾಗ ಸ್ವಲ್ಪ ನೋಡಿಕೊಂಡು ಕೇಳಿ. "ತಗೊಂಡು ಹೋಗವಾ, ಏನರೆ ಮಾಡ" ಅನ್ನುತ್ತಲೇ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಸವರುವ ಅತ್ತೆಯರಿದ್ದಾರೆ. ಅಂಥ ಸೀರೆ ತರಬೇಡಿ.

ಅಳತೆ

ನನ್ನದು 36 ಇಂಚು ಉದ್ದ, 30 ಇಂಚು ಅಗಲ. ಐದೂವರೆ ಮೀಟರ್ ಸೀರೆಯ ಅಗಲ ಸುಮಾರು 45 ಇಂಚು ಇರುತ್ತದೆ. ಒಂದೇ ಗಟ್ಟಿ ಸೀರೆ ಸಿಕ್ಕರೂ ಇಡೀ ಕೌದಿ ಆಗುತ್ತದೆ, ಆದರೆ ಎರಡು ಮೂರು ಬಣ್ಣ ಇದ್ದರೆ ಚಂದ ಅಲ್ವಾ.

ಕೆಳಗಿನ ಪದರಕ್ಕೆ 40 ಇಂಟು 34 ಇಂಚು, ಅಂದರೆ ಸುತ್ತಲೂ ಎರಡೆರಡು ಇಂಚು ಜಾಸ್ತಿ. ನಡುವಿನ ಎರಡು ಪದರ ಸರಿಯಾಗಿ 36 ಇಂಟು 30. ಮೇಲಿನದಕ್ಕೆ, ಮೊದಲ ಸಲ ಹೊಲಿಯುವವರಾದರೆ, ಚೌಕ ತುಂಡುಗಳ ಗೊಡವೆ ಬೇಡ, ಪಟ್ಟಿ ಮಾಡಿ. ಆರು ಇಂಚು ಅಗಲ, 30 ಇಂಚು ಉದ್ದದ ಏಳು ಪಟ್ಟಿ. ಮೊದಲನೆಯದನ್ನು ಹಾಗೇ ಹಾಸಿ. ಮುಂದಿನದರ ಒಂದು ಬದಿ ಅರ್ಧ ಇಂಚು ಒಳಗೆ ಮಡಚಿ, ಹಿಂದಿನ ಪಟ್ಟಿಯ ಮೇಲೆ ಅರ್ಧ ಇಂಚು ಕೂರಿಸಿ. ಹೀಗೆ ಏಳೂ ಸೇರಿದರೆ ಸರಿಯಾಗಿ 36 ಇಂಚು.

ಕತ್ತರಿಯಿಂದ ಪೂರ್ತಿ ಕತ್ತರಿಸುವ ಬದಲು ಅಂಚಿಗೆ ಒಂದು ಕಚ್ಚು ಹಾಕಿ ಹರಿಯಿರಿ. ಹತ್ತಿ ಎಳೆ ಹಿಡಿದು ನೇರವಾಗಿ ಹರಿಯುತ್ತದೆ, ಸ್ಕೇಲ್ ಬೇಕಾಗುವುದಿಲ್ಲ. ಹರಿಯುತ್ತಾ ಹರಿಯುತ್ತಾ ಅಡ್ಡಕ್ಕೆ ತಿರುಗಿದರೆ ಅಲ್ಲಿ ಬಟ್ಟೆ ಸೋತಿದೆ ಅಂತ ತಿಳಿಯಿರಿ.

ಹಾಸಿ, ಟಾಕಾ ಹಾಕಿ

ನೆಲ ಒರೆಸಿ, ಕೆಳಗಿನ ಪದರವನ್ನು ಒಳಮೈ ಮೇಲೆ ಬರುವಂತೆ ಹಾಸಿ. ಅದರ ನಡುವೆ ಒಳಪದರ ಎರಡೂ ಇಡಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟರೆ ಸರಿಯುವುದಿಲ್ಲ. ಮೇಲೆ ಪಟ್ಟಿಗಳನ್ನು ಜೋಡಿಸಿ, ಗುಂಡುಪಿನ್ ಹಾಕಿ. ಈಗ ಉದ್ದುದ್ದ ಟಾಕಾ, ಅಂದರೆ ಕೊನೆಗೆ ಕಿತ್ತುಹಾಕುವ ಕಚ್ಚಾ ಹೊಲಿಗೆ ಹಾಕಿ, ಆದರೆ ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಹೋಗಬೇಕು. ಅಂಚಿನಿಂದ ಶುರು ಮಾಡಿದರೆ ಸಡಿಲ ಬಟ್ಟೆಯೆಲ್ಲ ನಡುವೆ ಬಂದು ಗುಬ್ಬಿ ಏಳುತ್ತದೆ. ಟಾಕಾ ಆದ ಮೇಲೆ ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಎಷ್ಟು ಚುಚ್ಚಿದ್ದಿರೋ ಅಷ್ಟೂ ವಾಪಸ್ ಬಂದಿರಬೇಕು, ಕೂಸಿನ ಹಾಸಿಗೆ ಇದು.

ಸುತ್ತ ಉಳಿದ ಎರಡು ಇಂಚನ್ನು ಒಂದು ಇಂಚಿಗೆ ಮಡಚಿ, ಮತ್ತೆ ಮಡಚಿ ಮೇಲೆ ತನ್ನಿ. ಅದರ ಮೇಲೆ ತೆಗೆದಿಟ್ಟ ದಡಿ ಕೂರಿಸಿದರೆ ಅಂಚು ಬೇಗ ಹರಿಯುವುದಿಲ್ಲ. ಒಗೆಯುವಾಗ ಎಲ್ಲರೂ ಹಿಡಿದು ಹಿಂಡುವುದು ಅಂಚನ್ನೇ. ದಡಿಯ ಬದಿಗಳನ್ನು ಒಳಗೆ ಮಡಚುವುದು ಮರೆಯಬೇಡಿ.

ಮೂಲೆಯ ಅಲಂಕಾರವನ್ನು ನಾನು ಕಲಿತದ್ದು ಸಿದ್ದಿ ಹೆಂಗಸರ ಕೆಲಸ ನೋಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಅವರು ಹೊಲಿಯುವ ಕವಂದಿ ಅನ್ನುವ ಕೌದಿಗಳ ಮೂಲೆಯಲ್ಲಿ ಬಣ್ಣಬಣ್ಣದ ತ್ರಿಕೋನಗಳ ಹೂವು ಇರುತ್ತದೆ, ಫೂಲ ಅಂತಾರೆ. ಮಾಡುವುದು ಸುಲಭ. ನಾಲ್ಕು ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ, ಇನ್ನೊಮ್ಮೆ ಹಾಗೇ ಮಡಚಿ. ಬಿಚ್ಚಿದ ಅಂಚುಗಳೆಲ್ಲ ಉದ್ದ ಬದಿಗೆ ಬರುತ್ತವೆ. ಆ ಬದಿಯನ್ನು ದಡಿಯ ಕೆಳಗೆ ತೂರಿಸಿ, ಚೂಪು ಹೊರಗೆ ಕಾಣುವಂತೆ ಹೊಲಿಯಿರಿ. ವೈನಿಯ ಕೆಂಪು ಸೆರಗಿಗೆ ಇಲ್ಲೇ ಜಾಗ.

ಹೊಲಿಗೆ

ದಬ್ಬಣ ಬೇಡ, ತೂತು ದೊಡ್ಡದಾಗುತ್ತದೆ. ಉದ್ದನೆಯ ತೆಳು ಸೂಜಿ, ಗಟ್ಟಿ ಹತ್ತಿ ದಾರ. ಕೌದಿ ದಾರ ಸಿಗದಿದ್ದರೆ ಮಾಮೂಲಿ ಹತ್ತಿ ದಾರವನ್ನೇ ಎರಡೆಳೆ ಮಾಡಿ. ಎರಡು ಮೊಳಕ್ಕಿಂತ ಉದ್ದ ತೆಗೆದುಕೊಂಡರೆ ಗಂಟು ಬೀಳುತ್ತದೆ. ಮೇಣದಬತ್ತಿಯ ಮೇಲೆ ಒಮ್ಮೆ ಎಳೆದರೆ ನಯವಾಗಿ ಓಡುತ್ತದೆ. ನಡುಬೆರಳಿಗೆ ಟೇಲರ್‌ಗಳ ಅಂಗುಸ್ತಾನ ಹಾಕಿಕೊಳ್ಳಿ, ಇಲ್ಲದಿದ್ದರೆ ಸಂಜೆ ರೊಟ್ಟಿ ಬಡಿಯಲು ಆಗುವುದಿಲ್ಲ.

ಹೊಲಿಗೆ ಅಂಚಿನಿಂದ ಶುರು. ಮೊದಲು ದಡಿಗೆ ಎರಡು ಸುತ್ತು, ಆಮೇಲೆ ಒಳಗೆ, ಒಳಗೆ, ಸುತ್ತುತ್ತಾ ನಡುವಿಗೆ. ಟಾಕಾ ಇರುವುದರಿಂದ ಈಗ ಬಟ್ಟೆ ಸರಿಯುವುದಿಲ್ಲ. ಆದರೂ ಪ್ರತಿ ಸುತ್ತಿಗೂ ಅಂಗೈಯಿಂದ ಸವರಿ ಸಮ ಮಾಡಿ. ಎಡಗೈ ಬಟ್ಟೆಯ ಕೆಳಗಿರಲಿ. ಸೂಜಿಯ ತುದಿ ಕೆಳಗಿನ ಬೆರಳಿಗೆ ಸ್ವಲ್ಪ ತಾಗಿತು ಅಂದಾಗ ಮೇಲಕ್ಕೆ ಎತ್ತಿ. ಹೀಗೆ ನಾಲ್ಕೈದು ಹೊಲಿಗೆ ಸೂಜಿಯಲ್ಲೇ ಪೋಣಿಸಿಕೊಂಡು ಒಟ್ಟಿಗೆ ದಾರ ಎಳೆಯಿರಿ. ಬಿಗಿಯಾಗಿ ಜಗ್ಗಬೇಡಿ.

ಒಂದೊಂದು ಹೊಲಿಗೆ ಅಕ್ಕಿಕಾಳಿನಷ್ಟು ಇರಲಿ. ದೊಡ್ಡ ಹೊಲಿಗೆಯಲ್ಲಿ ಕೂಸಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಸುತ್ತಿನಿಂದ ಸುತ್ತಿಗೆ ಒಂದು ಬೆರಳ ಅಂತರ. ಅದಕ್ಕಿಂತ ಬಿಟ್ಟರೆ ಒಗೆದಾಗ ಒಳಪದರ ಮುದ್ದೆಯಾಗುತ್ತದೆ. ತೀರಾ ಒತ್ತಾದರೆ ಕೌದಿ ರಟ್ಟಿನ ಹಾಗೆ ಗಡಸು. ಗಂಟುಗಳನ್ನು ಪದರಗಳ ನಡುವೆ ಎಳೆದು ಅಡಗಿಸಿ. ಕೊನೆಗೆ ಟಾಕಾ ದಾರ ಒಂದೂ ಉಳಿಯದಂತೆ ಕಿತ್ತುಹಾಕಿ.

ಮಿಷನ್‌ನಲ್ಲಿ ಹೊಲಿಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹೊಲಿಯಬಹುದು, ಬೇಗ ಆಗುತ್ತದೆ. ಆದರೆ ಸವೆದ ಬಟ್ಟೆಯಲ್ಲಿ ಮಿಷನ್ನಿನ ಸಣ್ಣ, ಬಿಗಿ ಹೊಲಿಗೆ ಸಾಲಾಗಿ ತೂತು ಮಾಡಿ ಅಲ್ಲೇ ಹರಿಯುವ ಹಾಗೆ ಮಾಡುತ್ತದೆ. ದಡಿಗೆ ಮಾತ್ರ ಮಿಷನ್ ಓಡಿಸಿ.

ನಮ್ಮ ಅವ್ವ ಕೊನೆಯ ತುಂಡು ಮುಚ್ಚುವ ಮುಂಚೆ ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು, ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ. ದಿನಾ ನೀರಿಗೆ ಬೀಳುವ ಕೌದಿಯಲ್ಲಿ ಅಕ್ಕಿ ನೆನೆದು ಮುಗ್ಗುತ್ತದೆ, ಇರುವೆ ಬರುತ್ತದೆ. ಅದಕ್ಕೆ ನಾನು ಆ ಅಕ್ಕಿಯನ್ನು ಕೌದಿ ಸುತ್ತಿಕೊಡುವ ಬಟ್ಟೆಯ ತುದಿಗೆ ಗಂಟು ಕಟ್ಟುತ್ತೇನೆ. ಸುತ್ತಲು ಹಳೇ ಗುಳೇದಗುಡ್ಡ ಖಣ ಇದ್ದರೆ ಅದಕ್ಕಿಂತ ಚಂದದ್ದಿಲ್ಲ. ಗಿಫ್ಟ್ ಪೇಪರ್ ತರಬೇಡಿ.

ಕೊಡುವಾಗ ಹೇಳಬೇಕಾದದ್ದು

ಒಂದು ಚೀಟಿಯಲ್ಲಿ ಯಾವ ಪಟ್ಟಿ ಯಾರ ಸೀರೆಯದು ಅಂತ ಬರೆದಿಡಿ. ಹಸಿರು ಚೌಕಳಿ ಅಜ್ಜಿಯದು, ಬಿಳಿ ಅಜ್ಜನ ಧೋತರ, ಹೀಗೆ. ಬಾಣಂತಿಗೆ ಬಾಯಲ್ಲೂ ಹೇಳಿ: ಇದು ಕೆಳಗೆ ಹಾಸಲು, ಎದುರಿಗೆ ಕೂತು ಆಡಿಸಲು, ಎತ್ತಿಕೊಳ್ಳಲು. ಮಲಗಿದ ಕೂಸಿನ ಮೇಲೆ ಹೊದಿಸಿ ಬಿಟ್ಟುಹೋಗಬಾರದು, ಮುಖಕ್ಕೆ ಬಂದರೆ ಅದಕ್ಕೆ ತೆಗೆಯಲು ಬರುವುದಿಲ್ಲ. ಒಗೆಯಲು ಮಾಮೂಲಿ ಸೋಪು ಸಾಕು, ಬ್ರಷ್ ಹಾಕಿ ತಿಕ್ಕಬಾರದು, ಕಂಫರ್ಟ್ ಗಿಂಫರ್ಟ್ ಬೇಡ. ಒಣಗಿಸುವಾಗ ಮಧ್ಯೆ ಒಮ್ಮೆ ಮಗುಚಿ ಹಾಕಬೇಕು.

ಉಳಿದ ಹತ್ತಿ ಚಿಂದಿಯನ್ನು ಮೂರು ಇಂಚಿನ ಪಟ್ಟಿ ಹರಿದು, ಜಡೆ ಹೆಣೆದು, ಸುತ್ತಿ ಹೊಲಿದರೆ ಸಿಂಬಿ ಆಗುತ್ತದೆ. ಬಿಸಿ ಪಾತ್ರೆ ಇಡಲು ಬಾಣಂತಿ ನೋಡಿಕೊಳ್ಳುವ ಅಜ್ಜಿಗೆ ಒಂದು ಕೊಡಿ. ಪಕ್ಕಕ್ಕಿಟ್ಟ ಪಾಲಿಸ್ಟರ್ ಸೀರೆಯಿಂದ ಮಾತ್ರ ಸಿಂಬಿ ಮಾಡಬೇಡಿ, ಬಿಸಿಗೆ ಕರಗಿ ಪಾತ್ರೆಗೆ ಅಂಟುತ್ತದೆ. ಅದರದ್ದು ಕಾಲೊರಸು ಮಾಡಿ, ವರ್ಷಗಟ್ಟಲೆ ಬಾಳುತ್ತದೆ.

ಕೌದಿಯ ಮೇಲ್ಪದರ ಅಲ್ಲಲ್ಲಿ ಹರಿದರೆ ತುಂಡು ಹಚ್ಚಿ. ಪೂರ್ತಿ ಹೋದರೆ ಅದನ್ನೇ ಒಳಪದರ ಮಾಡಿಕೊಂಡು ಎರಡೂ ಕಡೆ ಹೊಸದಾಗಿ ಸೀರೆ ಹಾಸಿ ಹೊಲಿಯಿರಿ. ಆಗ ಒಳಗೆ ಬೇರೇನೂ ಹಾಕುವ ಅಗತ್ಯವಿಲ್ಲ, ಹಳೇ ಕೌದಿಯೇ ನಾಲ್ಕು ಪದರ ಇರುತ್ತದೆ.