ಹಲಗೆ ನೆಲದ ಮೇಲೆ ಕಾರು ನಿಲ್ಲಿಸಿದ್ದು

ಗಂಗಾವತಿಯಲ್ಲಿ ನಮ್ಮ ಮನೆಗೆ ಹೊಂದಿಕೊಂಡ ಹಳೆಯ ಭತ್ತದ ಗೋದಾಮಿಗೆ ಹಲಗೆಯ ನೆಲವಿದೆ. ಚೀಲಗಳಿಗೆ ತೇವ ತಾಗಬಾರದೆಂದು ಎರಡೂವರೆ ಅಡಿ ಎತ್ತರದಲ್ಲಿ ಅಡ್ಡ ತೊಲೆಗಳನ್ನಿಟ್ಟು ಮೇಲೆ ಸಾಗುವಾನಿ ಹಲಗೆ ಬಡಿದಿದ್ದಾರೆ. ಅಲ್ಲಿ ಕಾರು ನಿಲ್ಲಿಸುತ್ತೇನೆ ಎಂದಾಗ, ‘ನೂರಾರು ಚೀಲ ಹೊತ್ತ ನೆಲಕ್ಕೆ ಒಂದು ಕಾರು ಯಾವ ಲೆಕ್ಕ’ ಎಂದವರೂ ಇದ್ದರು, ‘ಮರದ ಮೇಲೆ ಕಾರೇ?’ ಎಂದು ಹಣೆ ಚಚ್ಚಿಕೊಂಡವರೂ ಇದ್ದರು. ಎರಡೂ ಕಡೆಯವರು ಎಣಿಸುತ್ತಿದ್ದದ್ದು ಒಟ್ಟು ತೂಕವನ್ನು ಮಾತ್ರ.

ಚೀಲದ ಭಾರ ನೆಲದ ತುಂಬ ಹರಡುತ್ತದೆ. ಕಾರಿನದು ಅಂಗೈಯಗಲದ ನಾಲ್ಕು ಜಾಗಗಳಲ್ಲಿ ಕೂರುತ್ತದೆ. ನನ್ನ ಸಣ್ಣ ಕಾರು ಖಾಲಿ ಇದ್ದಾಗ 900 ಕಿಲೋ, ಜನ, ಸಾಮಾನು ತುಂಬಿದರೆ 1,350ರ ಆಸುಪಾಸು. ಆಗ ಮುಂದಿನ ಒಂದೊಂದು ಚಕ್ರದಡಿ ಸುಮಾರು 350 ಕಿಲೋ. ಕಟ್ಟಡ ಎಷ್ಟು ಭಾರ ತಾಳುವಂತಿರಬೇಕು ಎಂದು ಹೇಳುವ ಭಾರತೀಯ ಮಾನಕ 875 ವಾಸದ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕಿಲೋ ತೂಕ), ಸಣ್ಣ ವಾಹನಗಳ ಗ್ಯಾರೇಜಿಗೆ 2.5 ಎನ್ನುತ್ತದೆ. ದೊಡ್ಡ ಅಂತರವೇನಲ್ಲ. ಆದರೆ ಒಂದೇ ಜಾಗದಲ್ಲಿ ಬೀಳುವ ಭಾರಕ್ಕೆ ಕೋಣೆಗೆ 1.8 ಕಿಲೋನ್ಯೂಟನ್, ಗ್ಯಾರೇಜಿಗೆ 9: ಐದು ಪಟ್ಟು!

ಹಾಗಾಗಿ ಮೊದಲು ಟಾರ್ಚ್ ಹಿಡಿದು ನೆಲದಡಿಗೆ ನುಸುಳಿದೆ. ಪ್ರತಿ ತೊಲೆಯನ್ನೂ ದಬ್ಬಣದಿಂದ ಚುಚ್ಚಿದೆ. ಸಲೀಸಾಗಿ ಇಳಿದರೆ ಅಲ್ಲಿ ಗೆದ್ದಲು ಇಲ್ಲವೇ ಕೊಳೆತ. ಗೋಡೆಯೊಳಗೆ ಹೂತ ತುದಿಗಳನ್ನೇ ಹೆಚ್ಚು ನೋಡಬೇಕು. ತೇವ ಹೀರುವುದು ಅವೇ. ಎರಡು ತೊಲೆಗಳನ್ನು ಬದಲಿಸಬೇಕಾಯಿತು.

ಉಳಿದವು ಗಟ್ಟಿ. ನಾಲ್ಕು ಅಂಗುಲ ಅಗಲ, ಆರು ಅಂಗುಲ ಎತ್ತರ, ಹತ್ತು ಅಡಿ ಉದ್ದ. ಮುಂಚಕ್ರಗಳು ನಿಲ್ಲುವ ತೊಲೆಯ ಪಕ್ಕದಲ್ಲಿ ನೂಲು ಬಿಗಿದು, ಎರಡೂ ಚಕ್ರಗಳ ಜಾಗದಲ್ಲಿ 75 ಕಿಲೋದ ಭತ್ತದ ಚೀಲಗಳನ್ನು ಆರಾರರಂತೆ ಪೇರಿಸಿದೆ. ತೊಲೆ ಅರ್ಧ ಅಂಗುಲ ಬಾಗಿತು. ಮುರಿಯುವ ಲಕ್ಷಣವಿರಲಿಲ್ಲ, ಆದರೆ ನಿಂತ ಭಾರಕ್ಕೆ ಮರ ದಿನಗಳೆದಂತೆ ಇನ್ನಷ್ಟು ಬಾಗುತ್ತದೆ. ಕಾರು ನಿಲ್ಲುವುದೇ ಅಲ್ಲಿ, ರಾತ್ರಿಯೆಲ್ಲ.

ತೊಲೆಗಳ ನಡುಮಧ್ಯಕ್ಕೆ ಕುಷ್ಟಗಿ ಕಡೆಯ ಗ್ರಾನೈಟ್ ಕಂಬಗಳನ್ನು ಕೊಟ್ಟೆ. ಆಧಾರಗಳ ಅಂತರ ಅರ್ಧವಾದರೆ, ನಡುವೆ ಬಿದ್ದ ಅದೇ ಭಾರಕ್ಕೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹೆಚ್ಚು ಬೆವರು ಹರಿದದ್ದು ಕಂಬಕ್ಕಲ್ಲ, ಕುಣಿಗೆ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನಿಂತ ಕಂಬವೂ ಅದರೊಂದಿಗೆ ಏಳುತ್ತದೆ, ಇಳಿಯುತ್ತದೆ. ಗರಸು ಸಿಗುವವರೆಗೆ ಅಗೆಸಿದೆ. ಕಂಬದ ತಲೆಗೆ ತಗಡಿನ ಟೋಪಿ ಹಾಕಿದೆ, ಗೆದ್ದಲು ಕಾಣದಂತೆ ಮೇಲೇರಬಾರದೆಂದು.

ಚಕ್ರದ ದಾರಿಗೆ ಮೂರು ಅಂಗುಲ ದಪ್ಪದ ಹಲಗೆಗಳನ್ನು ತೊಲೆಗಳಿಗೆ ಅಡ್ಡಲಾಗಿ ಹಾಸಿದ್ದೇನೆ. ಹಳೆಯ ಹಲಗೆಯ ಮೇಲೆ ಚಕ್ರ ನೇರವಾಗಿ ಕೂರುವುದಿಲ್ಲ, ಭಾರ ಒಂದಕ್ಕಿಂತ ಹೆಚ್ಚು ತೊಲೆಗಳಿಗೆ ಹಂಚಿಹೋಗುತ್ತದೆ. ಎಂಜಿನ್ ಕೆಳಗೆ ತಗಡಿನ ತಟ್ಟೆ. ಎಣ್ಣೆ ಕುಡಿದ ಮರಕ್ಕೆ ಬೆಂಕಿ ಬೇಗ. ಜಾಕ್ ಹಾಕುವಾಗ ಅದರಡಿ ಕಡ್ಡಾಯವಾಗಿ ಇನ್ನೊಂದು ಹಲಗೆಯ ತುಂಡು, ಏಕೆಂದರೆ ಜಾಕ್‌ನ ಪಾದ ಚಿಕ್ಕದು.

ಇನ್ನೋವಾದಲ್ಲಿ ಬರುವ ನೆಂಟರಿಗೆ ಬೀದಿಯಲ್ಲೇ ನಿಲ್ಲಿಸಲು ಹೇಳುತ್ತೇನೆ. ಲೆಕ್ಕ ಹಾಕಿದ್ದು ನನ್ನ ಕಾರಿಗೆ.