ಎಐ ಉಲ್ಲೇಖಿಸಿದ ತೀರ್ಪನ್ನು ವಕೀಲರು ಪರಿಶೀಲಿಸುವುದು ಹೇಗೆ?

2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಇಬ್ಬರು ವಕೀಲರಿಗೂ ಅವರ ಕಚೇರಿಗೂ ಸೇರಿಸಿ 5,000 ಡಾಲರ್ ದಂಡ ಹಾಕಿತು. ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ದಾವೆಯಲ್ಲಿ ಅವರು ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದರು. ಕೇಸು ನಿಜವೇ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದಾಗ ಅದು ಹೌದು ಎಂದಿತ್ತು. ಮುಂದೆ ಯಾವ ಪದ ಬರಬಹುದೆಂದು ಅಂದಾಜು ಮಾಡಿ ಬರೆಯುವ ಯಂತ್ರ ಅದು. ಸಂಪುಟ, ವರ್ಷ, ಪುಟ ಎಲ್ಲ ಅಚ್ಚುಕಟ್ಟಾಗಿ ಕಂಡರೂ ಅದರ ಮಾತಿಗೆ ಅದೇ ಸಾಕ್ಷಿಯಾಗಲಾರದು.

ಪರಿಶೀಲನೆಗೆ ಕಾನೂನು ಡೇಟಾಬೇಸಿಗೇ ಹೋಗಿ. ಒಮ್ಮೆ ಸೈಟೇಶನ್ (ತೀರ್ಪು ಅಚ್ಚಾದ ಸಂಪುಟ, ವರ್ಷ, ಪುಟದ ಗುರುತು) ಹಾಕಿ, ಇನ್ನೊಮ್ಮೆ ಪಕ್ಷಕಾರರ ಹೆಸರು ಹಾಕಿ ಹುಡುಕಿ. ಎರಡರಲ್ಲೂ ಒಂದೇ ತೀರ್ಪು ಸಿಗಬೇಕು. ಸೈಟೇಶನ್ ಅಸಲಿಯಾಗಿದ್ದು, ಅಲ್ಲಿರುವ ಕೇಸು ಬೇರೆಯೇ ಆಗಿರಬಹುದು. ನಂತರ ಎಐ ಉದ್ಧರಿಸಿದ ಸಾಲಿನಿಂದ ಏಳೆಂಟು ಪದ ಎತ್ತಿ ತೀರ್ಪಿನೊಳಗೆ ಹುಡುಕಿ. ಸಾಲು ಸಿಕ್ಕಿತೆಂದು ನಿಲ್ಲಿಸಬೇಡಿ, ಹಿಂದುಮುಂದಿನ ಪ್ಯಾರಾಗಳನ್ನೂ ಓದಿ. ಎದುರು ಪಕ್ಷದ ವಾದವನ್ನು ನ್ಯಾಯಾಧೀಶರು ದಾಖಲಿಸಿಕೊಂಡ ಭಾಗವನ್ನೇ ಎಐ ಕೋರ್ಟಿನ ನಿರ್ಣಯವೆಂದು ಕೊಡುವುದುಂಟು. ಭಿನ್ನಮತದ ತೀರ್ಪನ್ನು ಬಹುಮತದ್ದೆಂದೂ ಹೇಳೀತು. ಇಲ್ಲದ ಕೇಸಿಗಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಸೈಟೇಶನ್ ಮಾತ್ರ ನೋಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಮೇಲ್ಮನವಿಯಲ್ಲಿ ತೀರ್ಪು ರದ್ದಾಗಿದೆಯೇ ಎಂದೂ ನೋಡಿ.

ದೊಡ್ಡ ಕಡತದ ಸಾರಾಂಶ ಬೇಕಿದ್ದರೆ ಪ್ರತಿ ಅಂಶಕ್ಕೂ ಪುಟಸಂಖ್ಯೆ ಮತ್ತು ಮೂಲದ ಸಾಲು ಕೊಡಲು ಎಐಗೆ ಹೇಳಿ. ಕಡತ ಸ್ಕ್ಯಾನ್ ಪ್ರತಿಯಾಗಿದ್ದರೆ ಮೊದಲು ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವುದು) ಮಾಡಿಸಿ, ದಿನಾಂಕ ಮತ್ತು ಮೊತ್ತಗಳನ್ನು ಮೂಲದೊಂದಿಗೆ ತಾಳೆ ನೋಡಿ. ಮಸುಕಾದ ಪುಟದಲ್ಲಿ 3 ಇದ್ದದ್ದು 8 ಆಗಿಬಿಡುತ್ತದೆ.

ಕಕ್ಷಿದಾರರ ಕಾಗದಪತ್ರ ಅಪ್‌ಲೋಡ್ ಮಾಡುವ ಮುಂಚೆ ಆ ಸೇವೆಯ ಷರತ್ತು ಓದಿ: ಹಾಕಿದ್ದನ್ನು ಮಾಡೆಲ್ ತರಬೇತಿಗೆ ಬಳಸುತ್ತಾರೆಯೇ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಉತ್ತರ ಸ್ಪಷ್ಟವಿಲ್ಲದಿದ್ದರೆ ಹಾಕಲೇಬೇಡಿ. ಷರತ್ತು ಸರಿಯಿದ್ದರೂ ಹೆಸರು, ವಿಳಾಸ, ಖಾತೆ ಸಂಖ್ಯೆ ತೆಗೆದೇ ಕಳಿಸಿ. ಇಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಚೌಕ ಎಳೆದು ಸುಮ್ಮನಾಗುವುದು. ಚೌಕದ ಅಡಿಯಲ್ಲಿ ಅಕ್ಷರ ಹಾಗೇ ಇರುತ್ತದೆ. ಮಾಹಿತಿಯನ್ನು ಪೂರ್ತಿ ಅಳಿಸುವ ರಿಡಾಕ್ಷನ್ ಸೌಲಭ್ಯವನ್ನೇ ಬಳಸಿ. ಆಮೇಲೆ ಪುಟವನ್ನೆಲ್ಲ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡಿ. ಹೆಸರು ಅಲ್ಲಿ ಕಂಡರೆ ಅದು ಅಳಿದಿಲ್ಲ.